ನೀರು ಬಂದರೂ ಮುಳುಗದ ಸಂತೋಷ

ಹಾಸನದಲ್ಲಿ ಓದೋರಿಗೆ ಶೆಟ್ಟಿಹಳ್ಳಿ ಗೊತ್ತಿಲ್ಲದೆ ಇರುತ್ತಾ? ಬೈಕ್ ಹತ್ತಿದರೆ ಆಯ್ತು, ಹೇಮಾವತಿಯ ಹಿನ್ನೀರು, ಅದರ ನಡುವೆ ಚಾವಣಿ ಇಲ್ಲದ ರೋಸರಿ ಚರ್ಚ್. ಫೋಟೋ, ರೀಲ್ಸ್, ದಾರಿಯಲ್ಲಿ ಟೀ, ವಾಪಸ್ ಹಾಸ್ಟೆಲ್. ಲೈಕ್ಸ್ ಎಣಿಸಿ ಮುಗಿಯೋ ಹೊತ್ತಿಗೆ ಆ ಖುಷಿಯೂ ಮುಗಿದಿರುತ್ತೆ.

ಆ ಚರ್ಚನ್ನು 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದರು. ನೂರು ವರ್ಷಕ್ಕೂ ಹೆಚ್ಚು ಕಾಲದ ನಂತರ ಗೊರೂರಿನಲ್ಲಿ ಅಣೆಕಟ್ಟು ಎದ್ದಿತು, ಹಿನ್ನೀರು ಊರನ್ನು ನುಂಗಿತು. ಜನ ಮನೆ, ಹೊಲ, ಚರ್ಚ್ ಎಲ್ಲ ಬಿಟ್ಟು ಹೋದರು. ಅದೇ ಹೇಮಾವತಿ ನೀರು ಇವತ್ತು ಹೊಳೆನರಸೀಪುರ, ಚನ್ನರಾಯಪಟ್ಟಣ, ಅರಕಲಗೂಡಿನ ಗದ್ದೆಗಳಿಗೆ ಹರಿಯುತ್ತೆ. ನಮ್ಮ ಮನೆಯೂ ಅರಕಲಗೂಡು ಕಡೆಯೇ. ಅವರು ಕಳಕೊಂಡದ್ದರ ಅನ್ನವನ್ನು ನಾವು ಉಂಡಿದ್ದೇವೆ.

ಕಥೋಲಿಕರು ಚರ್ಚ್ ಅನ್ನೋದಕ್ಕೆ ಕನ್ನಡದಲ್ಲಿ ‘ಧರ್ಮಸಭೆ’ ಅಂತಾರೆ. ಸಭೆ ಅಂದರೆ ಗೋಡೆಯಲ್ಲ, ಜನ. ಗೋಡೆ ನೀರುಪಾಲಾದರೂ ಜನ ಇನ್ನೊಂದು ಕಡೆ ಕೂತು ಪ್ರಾರ್ಥಿಸಬಹುದು. ನನ್ನ ಪ್ರಕಾರ ನಂಬಿಕೆ ಕೊಡೋ ಸಂತೋಷವೂ ಹೀಗೇ.

ರೂಮ್‌ಮೇಟ್ ಕೇಳ್ತಾನೆ: “ಎಂಜಾಯ್ ಮಾಡೋ ವಯಸ್ಸಲ್ಲಿ ಭಾನುವಾರ ಬೆಳಗ್ಗೆ ಎದ್ದು ಚರ್ಚಿಗೆ ಹೋಗ್ತೀಯಲ್ಲೋ?” ಎಂಜಾಯ್ ಮಾಡೋದು ತಪ್ಪು ಅಂತ ನಾನು ಹೇಳಲ್ಲ. ಕ್ರಿಕೆಟ್, ಸಿನಿಮಾ, ಬಿರಿಯಾನಿ ನನಗೂ ಬೇಕು. ಆದರೆ ಅವು ಮುಗಿದ ಮೇಲೆ ಏನುಳಿಯುತ್ತೆ? ಬೈಬಲಿನ ಪ್ರಸಂಗಿ ಗ್ರಂಥದ ರಾಜ ಮನೆ ಕಟ್ಟಿಸಿದ, ತೋಟ ಮಾಡಿಸಿದ, ಕೆರೆ ತೋಡಿಸಿದ, ಚಿನ್ನ ಕೂಡಿಟ್ಟ. ಕೊನೆಗೆ ಎಲ್ಲವೂ ಗಾಳಿಯನ್ನು ಹಿಡಿಯೋಕೆ ಹೋದಂತೆ ಕಂಡಿತು ಅವನಿಗೆ. ಪೌಲನ ಕಥೆ ಇದಕ್ಕೆ ಉಲ್ಟಾ. ಸೆರೆಯಲ್ಲಿದ್ದುಕೊಂಡು ಫಿಲಿಪ್ಪಿಯವರಿಗೆ ಬರೆದ ನಾಲ್ಕೇ ಅಧ್ಯಾಯದ ಪತ್ರದಲ್ಲಿ ಸಂತೋಷದ ಮಾತು ಮತ್ತೆ ಮತ್ತೆ ಬರುತ್ತೆ. ಕೈಗೆ ಬೇಡಿ, ನಾಳೆ ಬದುಕುತ್ತೇನೋ ಇಲ್ಲವೋ ತಿಳಿಯದು. ಆದರೂ ಕ್ರಿಸ್ತ ತನ್ನ ಜೊತೆಗಿದ್ದಾನೆ ಅನ್ನೋದೊಂದೇ ಅವನಿಗೆ ಸಾಕಾಗಿತ್ತು.

ಹೋದ ಸೆಮಿಸ್ಟರಿನಲ್ಲಿ ಪ್ಲೇಸ್‌ಮೆಂಟ್ ಲಿಸ್ಟ್ ಬಂತು. ರೂಮ್‌ಮೇಟ್ ಹೆಸರಿತ್ತು, ನನ್ನದಿರಲಿಲ್ಲ. ಸುಳ್ಳು ಯಾಕೆ ಹೇಳಲಿ, ಆ ರಾತ್ರಿ ಅತ್ತೆ. ಆಮೇಲೆ ಪ್ರಾರ್ಥಿಸಿದೆ. ಪವಾಡ ಏನೂ ಆಗಲಿಲ್ಲ, ಕೆಲಸ ಇನ್ನೂ ಸಿಕ್ಕಿಲ್ಲ. ಆದರೆ ದೇವರು ನನ್ನನ್ನು ಪ್ರೀತಿಸೋದು ಆ ಲಿಸ್ಟ್ ನೋಡಿ ಅಲ್ಲ ಅನ್ನೋದು ಮನಸ್ಸಿಗೆ ಇಳಿಯಿತು. ಬೆಳಗ್ಗೆ ಅವನನ್ನು ತಬ್ಬಿಕೊಂಡು ಕಂಗ್ರಾಟ್ಸ್ ಅಂದಾಗ ಹೊಟ್ಟೆಕಿಚ್ಚು ಇರಲಿಲ್ಲ. ನನ್ನ ಮಟ್ಟಿಗೆ ಅದೇ ದೊಡ್ಡ ಸಾಕ್ಷಿ.

ಓದುಗ ಮಿತ್ರರೇ, ನಿಮ್ಮ ನಂಬಿಕೆ ಬೇರೆ ಇರಬಹುದು, ನಂಬಿಕೆಯೇ ಇಲ್ಲದೆಯೂ ಇರಬಹುದು. ಮುಂದಿನ ಸಲ ಶೆಟ್ಟಿಹಳ್ಳಿಗೆ ಹೋದಾಗ ಫೋಟೋ ತೆಗೆದ ಮೇಲೆ ಮೊಬೈಲ್ ಜೇಬಿಗೆ ಹಾಕಿ ಎರಡು ನಿಮಿಷ ಸುಮ್ಮನೆ ನಿಲ್ಲಿ. ನನ್ನ ಬದುಕಿಗೂ ಹೀಗೇ ನೀರು ನುಗ್ಗಿದರೆ ನನ್ನಲ್ಲಿ ಏನುಳಿಯುತ್ತೆ ಅಂತ ಕೇಳಿಕೊಳ್ಳಿ. ನನ್ನ ಉತ್ತರ ಹೇಳಿದ್ದೇನೆ. ನಿಮ್ಮದನ್ನು ಕೇಳೋ ಆಸೆ ಇದೆ.