ಸುಳ್ಳು ಸಾಲದ ಕಾರ್ಖಾನೆ

ವರ್ಷದ ಮೊದಲರ್ಧ ದುಡಿದು 26,000 ಡಾಲರ್ ಗಳಿಸಿದ ಹುಡುಗನೊಬ್ಬ, ಕೆಲಸ ಹೋದ ಮೇಲೆ ಉಳಿದರ್ಧ ನಿರುದ್ಯೋಗ ಭತ್ಯೆ ಪಡೆದ ಅಂದುಕೊಳ್ಳಿ. ಆಸ್ಟ್ರೇಲಿಯಾ ಸರ್ಕಾರದ ಕಂಪ್ಯೂಟರ್ ಆ ಗಳಿಕೆಯನ್ನು ಎರಡು ವಾರಕ್ಕೊಂದರಂತೆ 26 ಕಂತುಗಳಿಗೆ ಸಮನಾಗಿ ಹಂಚುತ್ತಿತ್ತು. ಕಂತಿಗೆ ಸಾವಿರ ಡಾಲರ್! ಭತ್ಯೆ ಪಡೆದಾಗಲೂ ನಿನಗೆ ಸಂಪಾದನೆ ಇತ್ತು, ಪಡೆದದ್ದನ್ನು ವಾಪಸ್ ಕಟ್ಟು ಎಂದು ಪತ್ರ ಹೋಗುತ್ತಿತ್ತು. ಇದೇ ರೋಬೋಡೆಟ್. ಯಂತ್ರದ ಜಾಣತನವಂತೆ! ನಾಲ್ಕನೇ ಕ್ಲಾಸಿನ ಭಾಗಾಕಾರ, ಅದನ್ನೂ ಮಾಡಬಾರದ ಕಡೆ ಮಾಡಿದ್ದು.

ಸಾಲ ಇಲ್ಲವೆಂದು ಸಾಬೀತು ಮಾಡುವ ಹೊಣೆ ಜನರ ತಲೆಗೇ ಬಿತ್ತು. ಎಷ್ಟೋ ವರ್ಷ ಹಿಂದಿನ ಸಂಬಳದ ಚೀಟಿ ತಾ ಎಂದರೆ, ಬಾಗಿಲು ಮುಚ್ಚಿದ ಹೋಟೆಲಿನಲ್ಲಿ ಪಾತ್ರೆ ತೊಳೆದವನು ಎಲ್ಲಿಂದ ತಂದಾನು? ತರದವರ ಬೆನ್ನಿಗೆ ವಸೂಲಿ ಏಜೆನ್ಸಿಗಳು. ಸಚಿವರೊಬ್ಬರು ಟಿವಿಯಲ್ಲಿ ಜೈಲಿನ ಮಾತನ್ನೂ ಆಡಿದರು.

ಗೊತ್ತಿಲ್ಲದೆ ಆದ ತಪ್ಪು ಅನ್ನಬೇಡಿ. ಕಾನೂನು ಇದನ್ನು ಒಪ್ಪಲಾರದು ಎಂಬ ಸಲಹೆ 2014ರಲ್ಲೇ ಸರ್ಕಾರದ ಕಡತದಲ್ಲಿತ್ತು. 2017ರಲ್ಲಿ ಮೇಲ್ಮನವಿ ನ್ಯಾಯಮಂಡಳಿಯ ಸದಸ್ಯ ಟೆರಿ ಕಾರ್ನಿ, ಈ ಲೆಕ್ಕದ ಮೇಲೆ ಸಾಲ ನಿಲ್ಲದು ಎಂದು ಒಂದಲ್ಲ, ಹಲವು ತೀರ್ಪು ಬರೆದರು. ಇಲಾಖೆ ಅದಕ್ಕೆ ತನ್ನ ದಾರಿ ಬದಲಿಸಲಿಲ್ಲ, ಮೇಲಿನ ಕೋರ್ಟಿಗೂ ಹೋಗಲಿಲ್ಲ. ಹೋಗಿ ಸೋತರೆ ಇಡೀ ಯೋಜನೆಯೇ ಕುಸಿಯುತ್ತಿತ್ತಲ್ಲ! ಆ ಹಂತದ ತೀರ್ಪುಗಳು ಪ್ರಕಟವಾಗುತ್ತಿರಲಿಲ್ಲ. ಗೆದ್ದವನೊಬ್ಬ ಪಾರಾದ, ಪಕ್ಕದ ಮನೆಯವನಿಗೆ ಅದೇ ಪತ್ರ ಬಂತು. 2019ರಲ್ಲಿ ಫೆಡರಲ್ ಕೋರ್ಟಿನ ಮೆಟ್ಟಿಲೇರಿದ ಮಹಿಳೆಯೊಬ್ಬರ ಸಾಲವನ್ನು ವಿಚಾರಣೆಗೆ ಮುಂಚೆಯೇ ಸೊನ್ನೆ ಮಾಡಿದರು. ಮತ್ತೊಬ್ಬರು ಪಟ್ಟು ಬಿಡಲಿಲ್ಲ. ಆ ನವೆಂಬರ್ 27ರಂದು ಸರ್ಕಾರ ತಾನೇ ಒಪ್ಪಿಕೊಂಡಿತು, ಸಾಲ ಕಾನೂನುಬಾಹಿರವೆಂದು ಕೋರ್ಟು ಆದೇಶಿಸಿತು.

ಅಷ್ಟರಲ್ಲಿ ಸುಮಾರು 4,33,000 ಜನರ ಮೇಲೆ 176 ಕೋಟಿ ಡಾಲರ್ ಸುಳ್ಳು ಸಾಲ ಹೊರಿಸಿ, ಅದರಲ್ಲಿ 75 ಕೋಟಿ ಕಿತ್ತುಕೊಂಡೂ ಆಗಿತ್ತು. ಆತ್ಮಹತ್ಯೆ ಮಾಡಿಕೊಂಡ ಮಕ್ಕಳ ತಾಯಂದಿರು ಇದರ ತನಿಖೆಗೆ ಕೂತ ರಾಯಲ್ ಕಮಿಷನ್ ಮುಂದೆ ಸಾಕ್ಷಿ ನುಡಿದರು. ಯೋಜನೆ ನ್ಯಾಯವೂ ಅಲ್ಲ, ಕಾನೂನುಬದ್ಧವೂ ಅಲ್ಲ ಎಂದು ಕಮಿಷನ್ ನಡೆಸಿದ ಕ್ಯಾಥರೀನ್ ಹೋಮ್ಸ್ 2023ರ ಜುಲೈನಲ್ಲಿ ವರದಿ ಕೊಟ್ಟರು.

ದೂರದ ದೇಶದ ಕತೆ ಎಂದು ಪುಟ ತಿರುವಬೇಡಿ. ಪಕ್ಕದ ತೆಲಂಗಾಣದಲ್ಲಿ ಕಂಪ್ಯೂಟರ್ ಮಾತು ನಂಬಿ ಲಕ್ಷಾಂತರ ರೇಷನ್ ಕಾರ್ಡು ರದ್ದು ಮಾಡಿದ್ದರು. ಖುದ್ದಾಗಿ ಹೋಗಿ ಪರಿಶೀಲಿಸಿ ಎಂದು 2022ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು.

ನಿಮಗೂ ಅಂಥ ಪತ್ರ ಬಂದರೆ ಲೆಕ್ಕ ತೋರಿಸಿ ಎಂದು ಬರವಣಿಗೆಯಲ್ಲೇ ಕೇಳಿ. ಸಾಲ ಮನ್ನಾ ಆಯಿತು, ಮನೆಗೆ ಹೋಗಿ ಎಂದರೆ ಕೇಸು ಹಿಂತೆಗೆದುಕೊಳ್ಳಬೇಡಿ.