ಕಿವಿ ಹೋದವನ ಕಾಗದ ಟ್ರಂಕಿನಲ್ಲಿ

ನಿನ್ನೆ ಡೇರಿಗೆ ಹಾಲು ಹಾಕಿ ಬರುವಾಗ ಕಟ್ಟೆ ಮೇಲೆ ಮಾತು ನಡೀತಿತ್ತು. "ಮಿಲಿಟರಿ ಪೆನ್ಷನ್ ಬರ್ತದೆ, ಕ್ಯಾಂಟೀನ್ ಸಾಮಾನು ಬರ್ತದೆ, ಈಗ ಕಿವಿ ಕೇಳಲ್ಲ ಅಂತ ಇನ್ನೂ ದುಡ್ಡು ಬೇಕಂತೆ." ನಮ್ಮ ಬದುವಿನಾಚೆಯ ತಮ್ಮನ ಬಗ್ಗೆ ಆಡಿದ್ದು. ಹಸು ಕಾಯ್ತಿತ್ತು, ಅಲ್ಲಿ ನಿಲ್ಲಲಿಲ್ಲ. ಇಲ್ಲಿ ಬರೀತೀನಿ.

ಬೆಳೆ ನಷ್ಟ ಶೇ. 33 ಮುಟ್ಟದಿದ್ರೆ ಸರ್ಕಾರದ ಪರಿಹಾರ ಇಲ್ಲ. 30 ಅಂತ ಬರೆದುಹೋದ್ರೆ ನಾವು ತಾಲ್ಲೂಕು ಕಚೇರಿಗೆ ಹೋಗಿ ಜಗಳ ಮಾಡಲ್ವಾ? ಆಗ ಯಾರೂ ನಮ್ಮನ್ನ ಆಸೆಬುರುಕ ಅನ್ನಲಿಲ್ಲ. ಸೈನಿಕನಿಗೂ ಅಂಥದೇ ಗೆರೆ, ಶೇ. 20. ಅದರ ಮೇಲೆ, ಊನ ಸೇವೆಯಿಂದ ಬಂದದ್ದೋ, ಸೇವೆಯಿಂದ ಹೆಚ್ಚಾದದ್ದೋ ಅಂತ ವೈದ್ಯಕೀಯ ಮಂಡಳಿ ಬರೀಬೇಕು. ಎರಡೂ ಅಲ್ಲ ಅಂತ ಬರೆದ್ರೆ ಶೇ. 40 ಇದ್ರೂ ಸೊನ್ನೆ. ಹದಿನೇಳು ವರ್ಷ ತೋಪಿನ ಪಕ್ಕ ನಿಂತ ಈ ತಮ್ಮನಿಗೆ 2016ರಲ್ಲಿ ಬರೆದದ್ದು ಅದೇ. ನಾನು ಬದುವಿನಿಂದ ಕೂಗಿದ್ರೆ ಅವನಿಗೆ ಕೇಳಲ್ಲ, ಹೆಂಟೆ ಎಸೀಬೇಕು.

ಧರಂವೀರ್ ಸಿಂಗ್ ಅನ್ನೋ ಸಿಪಾಯಿ 1985ರಲ್ಲಿ ಸೇನೆ ಸೇರಿದರು. 1994ರಲ್ಲಿ ಫಿಟ್ಸ್ ಅಂತ ಮನೆಗೆ ಕಳಿಸಿದ್ರು. ಊನ ಶೇ. 20, ಸೇವೆಗೆ ಸಂಬಂಧ ಇಲ್ಲ. 2013ರಲ್ಲಿ ಸುಪ್ರೀಂ ಕೋರ್ಟು ಅವರ ಪರ ತೀರ್ಪು ಕೊಟ್ಟಿತು. ಸೇರುವಾಗ ಪರೀಕ್ಷೆ ಮಾಡಿ ಗಟ್ಟಿ ಅಂತ ತಗೊಂಡವರು ನೀವು, ಆಗ ಕಾಯಿಲೆ ಬರೆದಿಲ್ಲ ಅಂದ್ಮೇಲೆ ಸೇವೆಯಿಂದ ಬಂದದ್ದಲ್ಲ ಅಂತ ತೋರಿಸೋ ಹೊಣೆ ನಿಮ್ಮದೇ ಅನ್ನೋದು ಅದರ ಸಾರ. ಹೊಣೆ ಅವರದು, ಅಲೆದಾಟ ಮಾತ್ರ ಸಿಪಾಯಿದು! ಹತ್ತೊಂಬತ್ತು ವರ್ಷ.

2014ರ ಇನ್ನೊಂದು ತೀರ್ಪಿನಿಂದ, ಅವಧಿ ಮುಗಿಸಿ ಬಂದವರಿಗೂ ಶೇ. 20ರಿಂದ 50ರ ಒಳಗಿನದನ್ನ 50 ಅಂತಲೇ ಎಣಿಸಬೇಕು. ಕಡೇ ಸಂಬಳ 30,000 ಅಂತಿಟ್ಕೊಳ್ಳಿ. ಪೂರ್ತಿ ಊನಕ್ಕೆ ಅದರ ಶೇ. 30, ಅಂದ್ರೆ 9,000. ಶೇ. 20ಕ್ಕೆ 1,800, ಐವತ್ತಕ್ಕೆ 4,500. ತಿಂಗಳು ತಿಂಗಳು. ನಮ್ಮಲ್ಲಿ ಎಷ್ಟು ಜನರ ಹಾಲಿನ ಬಟವಾಡೆಯಲ್ಲಿ ಖರ್ಚು ಕಳೆದು ಅಷ್ಟು ಉಳೀತದೆ ಹೇಳಿ.

ಸುಳ್ಳು ಹೇಳೋರು ಇಲ್ವಾ? ಇದ್ದಾರೆ. ಬೆಳೆ ವಿಮೆಯಲ್ಲಿ ಇಲ್ವಾ? ಅದಕ್ಕೆ ನಿಜವಾಗಿ ಬೆಳೆ ಹೋದವನು ಅರ್ಜಿ ಹಾಕಬಾರದಾ?

ನನಗೆ ಮಂಡಳಿಗಿಂತ ಹೆಚ್ಚು ಸಿಟ್ಟು ಈ ಕಟ್ಟೆ ಮೇಲೆ. ಇಂಥ ಮಾತಿಗೆ ನಾಚಿಕೊಂಡೇ ಅವನು ಆ ಕಾಗದ ಟ್ರಂಕಿಗೆ ಹಾಕಿದ್ದು. ಮೊದಲ ಮೇಲ್ಮನವಿಗೆ ಆರು ತಿಂಗಳು, ಅದು ಎಂದೋ ಮುಗೀತು. ತಡವಾದವರಿಗೂ ದಾರಿ ಇದೆ, ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ (ನಮ್ಮ ರಾಜ್ಯಕ್ಕೆ ಕೊಚ್ಚಿ ಪೀಠ, ಅದೂ ಒಂದು ದೂರ). ಆದರೆ ಹಳೇ ಬಾಕಿ ಸಾಮಾನ್ಯವಾಗಿ ಮೂರು ವರ್ಷದ್ದು ಮಾತ್ರ ಸಿಗೋದು. ಮಿಕ್ಕ ವರ್ಷಗಳ ದುಡ್ಡು ಕಟ್ಟೆ ತಿಂದಿತು. 2023ರ ಸೆಪ್ಟೆಂಬರ್ 21ರಿಂದ ಈಚೆಗೆ ನಿವೃತ್ತರಾದವರಿಗೆ ನಿಯಮ ಬೇರೆ, ಅವರು ಅದನ್ನ ಕೇಳಿಕೊಂಡೇ ಹೆಜ್ಜೆ ಇಡಿ.

ಸೋಮವಾರ ಟ್ರಂಕಿನ ಕಾಗದ ಎಲ್ಲ ತಗೊಂಡು ಇಬ್ಬರೂ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೆ ಹೊರಟಿದ್ದೀವಿ. ನಿಮ್ಮೂರಲ್ಲಿ ಹೀಗೇ ಕಾಗದ ಮಡಚಿಟ್ಟವರು ಇದ್ರೆ ಬಿಡುಗಡೆ ಪುಸ್ತಕ, ಮಂಡಳಿಯ ವರದಿ ಹಿಡ್ಕೊಂಡು ಎಂಟರ ಬಸ್ಸಿಗೆ ಬರಲಿ.