ಹದ ಹಾಕಿದ ಕಬ್ಬಿಣ, ಮಡಚುವ ಮೂತಿ

ಅಪ್ಪ ಗೊಥೆನ್‌ಬರ್ಗಿಗೆ ಬಂದ ಮೂರನೇ ದಿನಕ್ಕೇ ನಮ್ಮ ಹೊಸ ಕಾರಿನ ಮೇಲೆ ತೀರ್ಪು ಕೊಟ್ಟುಬಿಟ್ರು. ಹೊಸದು ಅಂದ್ರೆ ನಮಗೆ ಹೊಸದು, ಯಾರೋ ಆರು ವರ್ಷ ಓಡಿಸಿ ಮಾರಿದ ಎರಡನೇ ತಲೆಮಾರಿನ ವೋಲ್ವೋ ಎಕ್ಸ್‌ಸಿ90. ಮುಂದಿನ ತಿಂಗಳು ಮನೆಗೆ ಪಾಪು ಬರುತ್ತೆ, ಇದ್ದ ಪುಟ್ಟ ಕಾರು ಸಾಲಲ್ಲ ಅಂತ ನನ್ನಾಕೆ ಮತ್ತು ನಾನು ತಿಂಗಳುಗಟ್ಟಲೆ ಲೆಕ್ಕ ಹಾಕಿ ತಗೊಂಡಿದ್ದು. ಅಪ್ಪ ಬಾನೆಟ್ ಮೇಲೆ ಬೆರಳಲ್ಲಿ ಟಕ್ ಟಕ್ ಅಂತ ಬಡಿದು, "ಎಂಥದೋ ಇದು, ಬರೀ ತಗಡು ಮಾರಾಯ! ಇದ್ರಲ್ಲಿ ಮಗೂನ ಕೂರಿಸ್ತೀಯ?" ಅಂದ್ರು. ಅಷ್ಟಕ್ಕೇ ಬಿಡ್ಲಿಲ್ಲ, ಫ್ರಿಜ್ ಮೇಲಿದ್ದ ಮ್ಯಾಗ್ನೆಟ್ ತಂದು ಹಚ್ಚಿ ನೋಡಿದ್ರು. ಜಾರಿ ಬಿತ್ತು.

"ನೋಡು, ಕಬ್ಬಿಣಾನೇ ಅಲ್ಲ!"

ಅದೇನೋ ನಿಜವೇ, ಬಾನೆಟ್ ಅಲ್ಯುಮಿನಿಯಂದು. ಆದ್ರೆ ಅಪ್ಪನ ಮನಸ್ಸಲ್ಲಿ ಇದ್ದದ್ದು ಅವರ ಹಳೇ ಕಾರು (ಹೆಸರು ಬೇಡ ಬಿಡಿ). ನಾನು ಚಿಕ್ಕವನಿದ್ದಾಗ ಅದು ಆಗುಂಬೆ ಘಾಟಿಯಲ್ಲಿ ಮರಕ್ಕೆ ಗುದ್ದಿತ್ತು. ಬಂಪರ್ ಸ್ವಲ್ಪ ಸೊಟ್ಟಗಾಯ್ತು, ಅಷ್ಟೇ. ವಾರದಲ್ಲಿ ಕಾರು ಮತ್ತೆ ರಸ್ತೆಗೆ ಬಂತು. "ಅದು ಗಾಡಿ ಅಂದ್ರೆ!" ಅಂತ ಈ ಕಥೇನ ನೂರು ಸಲ ಕೇಳಿದೀನಿ. ಅವತ್ತು ಸ್ಟೀರಿಂಗ್ ಹಿಡಿದಿದ್ದ ನನ್ನ ಸೋದರಮಾವನ ಎರಡು ಪಕ್ಕೆಲುಬು ಮುರಿದಿದ್ದು ಮಾತ್ರ ಆ ಕಥೇಲಿ ಬರೋದೇ ಇಲ್ಲ. ಕಾರು ಮಡಚಲಿಲ್ಲ, ಹಾಗಾಗಿ ಪೆಟ್ಟಿನ ಬಹುಪಾಲು ಮಾವನ ಎದೆಗೇ ಬಂತು.

ಗುದ್ದಿದಾಗ ಮೂತಿ ಮಡಚಬೇಕು, ಕೂರುವ ಗೂಡು ಅಲುಗಬಾರದು ಅಂತ ಮೊದಲು ಯೋಚಿಸಿದವರು ಮರ್ಸಿಡಿಸ್‌ನ ಬೇಲಾ ಬರೇನಿ. 1959ರ ಡಬ್ಲ್ಯೂ111 ಕಾರಿನಲ್ಲಿ ಅದು ರಸ್ತೆಗೂ ಬಂತು. ಹಾಗಾಗಿ ಇವತ್ತಿನ ಬಾಡಿ ಒಂದೇ ಲೋಹದ್ದಲ್ಲ. ಮುಂದೆ ಅಕಾರ್ಡಿಯನ್ನಿನ ತಿದಿಯಂತೆ ಮಡಚೋ ಮೆತ್ತನೆ ಉಕ್ಕು, ಮಧ್ಯೆ ಮಡಚಲೇಬಾರದ ಉಕ್ಕು.

ಈ ಎರಡನೆಯದು ಇದೆಯಲ್ಲ, ಬೋರಾನ್ ಸ್ಟೀಲ್, ನನಗೆ ನಿಜಕ್ಕೂ ಖುಷಿ ಕೊಟ್ಟಿದ್ದು ಅದೇ. ಬೋರಾನ್ ಇರೋದು ಲಕ್ಷಕ್ಕೆ ಎರಡು-ಮೂರು ಪಾಲು, ಸಾರಿಗೆ ಹಾಕೋ ಇಂಗಿಗಿಂತಲೂ ಕಡಿಮೆ! ಹಾಳೆಯನ್ನ 900 ಡಿಗ್ರಿಗೂ ಮೇಲೆ ಕಾಯಿಸ್ತಾರೆ, ಕೆಂಡದಂತಿರುವಾಗಲೇ ಅಚ್ಚಿನಲ್ಲಿಟ್ಟು ಒತ್ತುತಾರೆ. ಆ ಅಚ್ಚಿನೊಳಗೆ ತಣ್ಣೀರು ಹರೀತಿರುತ್ತೆ, ಕೆಲವೇ ಸೆಕೆಂಡಲ್ಲಿ ಉಕ್ಕು ಆಕಾರಕ್ಕೂ ಬಂತು, ಗಟ್ಟಿಯೂ ಆಯ್ತು. ಸಾಮಾನ್ಯ ಮೆತ್ತನೆ ಉಕ್ಕು ಚದರ ಮಿಲಿಮೀಟರಿಗೆ ಮೂವತ್ತು ಕೆಜಿ ಎಳೆತ ತಡೆದರೆ ಇದು ಹತ್ತಿರ ಹತ್ತಿರ ನೂರೈವತ್ತು ಕೆಜಿ ತಡೆಯುತ್ತೆ. ಈ ವಿದ್ಯೆ ಸ್ವೀಡನ್ನಿನಲ್ಲೇ ಹುಟ್ಟಿದ್ದು, ಕಾರಿಗೆ ಮೊದಲು ಬಳಸಿದ್ದು 1984ರ ಸಾಬ್ 9000ದಲ್ಲಿ. 2002ರ ಮೊದಲ ಎಕ್ಸ್‌ಸಿ90ಯ ಛಾವಣಿಯ ಚೌಕಟ್ಟಲ್ಲಿ ಇದು ಇತ್ತು. 2014ರಲ್ಲಿ ತೋರಿಸಿದ ಎರಡನೇ ತಲೆಮಾರಿನಲ್ಲಿ ಕಂಬ, ಛಾವಣಿಯ ಅಂಚು ಅಂತ ಕೂರುವ ಗೂಡಿನ ಸುತ್ತೆಲ್ಲ ಇದೇ.

ಇದನ್ನೆಲ್ಲ ಅಪ್ಪನಿಗೆ ಗ್ರಾಫ್ ಹಾಕಿ ಹೇಳೋಕೆ ಹೋಗಿ ಸೋತೆ. ಕೊನೆಗೆ, "ಆಚಾರ್ರು ಕುಲುಮೇಲಿ ಕತ್ತಿ ಕಾಯ್ಸಿ ನೀರಿಗೆ ಅದ್ದಿ ಹದ ಹಾಕ್ತಿದ್ರಲ್ಲ, ಅದೇ ಇದು" ಅಂದೆ. ಅಪ್ಪ ಒಂದು ಕ್ಷಣ ಸುಮ್ಮನಾದ್ರು.

"ಹಂಗಾದ್ರೆ ಆ ಕಂಬ ಸೊಟ್ಟಗಾದ್ರೆ ಕಾಯ್ಸಿ ನೆಟ್ಟಗೆ ಮಾಡಕ್ಕಾಗಲ್ಲ. ಹದ ಹೋಗ್ತದೆ."

ನಾನು ಬೆಪ್ಪಾದೆ! ಗ್ಯಾರೇಜಿನವರ ದೊಡ್ಡ ತಲೆನೋವು ಅದೇ. ಅಂಥ ಭಾಗವನ್ನ ನೆಟ್ಟಗೆ ಮಾಡಲ್ಲ, ಬದಲಾಯಿಸಬೇಕು. ರಿಪೇರಿ ಬಿಲ್ಲು, ಇನ್ಶೂರೆನ್ಸ್ ಎರಡೂ ಏರೋದಕ್ಕೆ ಅದೂ ಒಂದು ಕಾರಣ. ಇನ್ನೊಂದು ತೊಂದರೆಯೂ ಇದೆ. ಒಳಗೆ ಸಿಕ್ಕಿಕೊಂಡವರನ್ನ ಬಿಡಿಸೋಕೆ ಬರೋ ಅಗ್ನಿಶಾಮಕದವರ ಹಳೇ ಕಟರ್‌ಗಳು ಈ ಉಕ್ಕಿನ ಮುಂದೆ ಸೋಲ್ತವೆ. ಅದಕ್ಕೇ ಎಲ್ಲಿ ಕತ್ತರಿಸಬೇಕು ಅಂತ ತೋರಿಸೋ ನಕ್ಷೆಯನ್ನ ಕಂಪನಿಗಳು ಒಂದೊಂದು ಮಾಡೆಲ್ಲಿಗೂ ಮಾಡಿಕೊಡ್ತವೆ.

ಸಂಜೆ ಅಪ್ಪ ಬಾಗಿಲು ತೆಗೆದು, ಮಧ್ಯದ ಕಂಬಕ್ಕೆ ಮ್ಯಾಗ್ನೆಟ್ ಹಚ್ಚಿದ್ರು. ಕಚ್ಚಿಕೊಂಡಿತು. ಏನೂ ಹೇಳಲಿಲ್ಲ. ರಾತ್ರಿ ಊಟ ಆದ ಮೇಲೆ ತೀರ್ಥಹಳ್ಳಿಗೆ ಫೋನ್ ಹಚ್ಚಿ ಮಾವನ ಹತ್ರ ಅದೂ ಇದೂ ಮಾತಾಡಿದ್ರು, ಇಟ್ಟ ಮೇಲೆ ನನ್ನ ಕಡೆ ತಿರುಗಿ, "ಚಳಿಗಾಲ ಬಂದ್ರೆ ಅವನ ಪಕ್ಕೆ ಈಗ್ಲೂ ನೋಯ್ತದಂತೆ" ಅಂದ್ರು.